ಟೈಮಿಂಗ್ ಬೆಲ್ಟ್ ಸದ್ದು: ಮೊದಲು ಕಿವಿ ಕೊಡಿ, ಆಮೇಲೆ ಪಾನಾ ಹಿಡಿಯಿರಿ

"ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಮುಂದಿನಿಂದ ಕಿರ್ರ್ ಅಂತದೆ. ಟೈಮಿಂಗ್ ಬೆಲ್ಟ್ ಟೈಟ್ ಮಾಡಿಸ್ಬೇಕಾ?" ದಾವಣಗೆರೆ, ಚಿತ್ರದುರ್ಗದ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಉತ್ತರ ಮೊದಲೇ ಹೇಳಿಬಿಡೋಣ: ಬೇಡ, ಸದ್ಯಕ್ಕೆ ಮುಟ್ಟಬೇಡಿ. ಕಿರ್ರ್ ಅನ್ನುವುದು ಜಾರುವ ಬೆಲ್ಟಿನ ಸದ್ದು. ಟೈಮಿಂಗ್ ಬೆಲ್ಟಿಗೆ ಒಳಮೈಯಲ್ಲಿ ಹಲ್ಲುಗಳಿರುತ್ತವೆ, ಪುಲ್ಲಿಯ ಹಲ್ಲಿನಲ್ಲಿ ಕೂತು ತಿರುಗುತ್ತದೆ. ಅದು ಜಾರುವುದಿಲ್ಲ. ಜಾರಿತು ಅಂದರೆ ಹಲ್ಲು ಹಾರಿತು, ಅಂದರೆ ಪಕ್ಕದ ಹಲ್ಲಿಗೆ ಹೋಗಿ ಕೂತಿತು ಅಂತಲೇ ಅರ್ಥ, ಆಗ ಕೇಳಿಸುವುದು ಕಿರ್ರ್ ಅಲ್ಲ.

ಸದ್ದು ನಿಲ್ಲಲಿ ಅಂತ ಟೈಮಿಂಗ್ ಬೆಲ್ಟನ್ನು ಬಿಗಿ ಮಾಡುತ್ತಾ ಹೋದರೆ ಬೇರಿಂಗ್ ಹಾಳಾಗುತ್ತದೆ, ವಾಟರ್ ಪಂಪನ್ನು ಈ ಬೆಲ್ಟೇ ತಿರುಗಿಸುವ ಗಾಡಿಯಲ್ಲಿ ಪಂಪೂ ಸೋರುತ್ತದೆ. ಬಿಗಿ ಹೆಚ್ಚಾದ ಬೆಲ್ಟೇ ಗುಂಯ್ ಅನ್ನತೊಡಗುತ್ತದೆ. ಅದಕ್ಕೇ ಈ ಲೇಖನದ ಅರ್ಧ ಭಾಗ ಸದ್ದು ಪತ್ತೆ ಮಾಡುವುದಕ್ಕೆ, ಇನ್ನರ್ಧ ಬಿಗಿ ಹೊಂದಿಸುವುದಕ್ಕೆ.

ನಿಮ್ಮ ಗಾಡಿಯಲ್ಲಿ ಈ ಬೆಲ್ಟ್ ಇದೆಯೇ?

ಎಂಜಿನ್ನಿನ ಕೆಳಗೆ ಕ್ರ್ಯಾಂಕ್ ಇದೆ, ಪಿಸ್ಟನ್ನುಗಳ ಏರಿಳಿತವನ್ನು ತಿರುಗುವ ಚಲನೆಯಾಗಿ ಮಾಡುವ ದಂಡ. ಮೇಲೆ ಕ್ಯಾಮ್ ಇದೆ, ವಾಲ್ವುಗಳನ್ನು ತೆರೆಸುವ ದಂಡ. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಸರಿಯಾಗಿ ಒಂದು ಸುತ್ತು ಬರಬೇಕು. ಈ ಲೆಕ್ಕ ತಪ್ಪದಂತೆ ಎರಡನ್ನೂ ಕಟ್ಟಿಹಾಕಿರುವುದೇ ಟೈಮಿಂಗ್ ಬೆಲ್ಟ್. ಇದು ಪ್ಲಾಸ್ಟಿಕ್ ಕವರಿನ ಒಳಗಿರುತ್ತದೆ. ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುವುದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎಸಿ ತಿರುಗಿಸುವ ಹೊರ ಬೆಲ್ಟ್. ನಮ್ಮಲ್ಲಿ ಎಲ್ಲರೂ ಫ್ಯಾನ್ ಬೆಲ್ಟ್ ಅನ್ನುವುದು ಇದಕ್ಕೇ.

ಮಾರುತಿ 800, ಓಮ್ನಿ, 800 ಸಿಸಿ ಆಲ್ಟೊ, ಹಳೇ ಝೆನ್, ಎಸ್ಟೀಮ್, ಸ್ಯಾಂಟ್ರೊ ಝಿಂಗ್, ಇಂಡಿಕಾ ಡೀಸೆಲ್, 2.5 ಲೀಟರ್ ಡೀಸೆಲ್ ಇನ್ನೋವಾ, ಡಸ್ಟರ್ ಡೀಸೆಲ್ — ಇವುಗಳಲ್ಲಿ ಬೆಲ್ಟ್ ಇದೆ. ಸ್ವಿಫ್ಟಿನ 1.3 ಡೀಸೆಲ್ ಮತ್ತು ಮಾರುತಿಯ ಕೆ ಸರಣಿಯ ಪೆಟ್ರೋಲ್ ಎಂಜಿನ್ನುಗಳಲ್ಲಿ ಇರುವುದು ಚೈನ್. ಚೈನಿನ ಬಿಗಿಯನ್ನು ಹೊರಗಿನಿಂದ ಹೊಂದಿಸುವ ಮಾತೇ ಇಲ್ಲ, ಆ ಗಾಡಿಯವರು ಮೊದಲ ಮೂರು ಹಂತ ಮಾತ್ರ ಓದಿದರೆ ಸಾಕು.

ಏನೇನು ಬೇಕು

ಟಾರ್ಚ್, ನೀರಿನ ಸ್ಪ್ರೇ ಬಾಟಲಿ, ಮೆಕ್ಯಾನಿಕ್ ಸ್ಟೆತಸ್ಕೋಪ್ ಅಥವಾ ಒಂದಡಿ ಉದ್ದದ ಸ್ಕ್ರೂಡ್ರೈವರ್, 10ರಿಂದ 19ರವರೆಗಿನ ಪಾನಾ ಮತ್ತು ಸಾಕೆಟ್, ಅಲೆನ್ ಕೀ ಸೆಟ್, ಟಾರ್ಕ್ ರೆಂಚ್, ಗುರುತು ಹಾಕಲು ವೈಟ್ನರ್, ಜ್ಯಾಕ್, ಎಂಜಿನ್ನಿಗೆ ಆಸರೆ ಕೊಡಲು ಮರದ ತುಂಡು. ಟಾರ್ಕ್ ರೆಂಚ್ ಅಂದರೆ ಬೋಲ್ಟನ್ನು ಹೇಳಿದಷ್ಟೇ ಬಲದಲ್ಲಿ ಬಿಗಿಯುವ ಹಿಡಿ. ಇದಿಲ್ಲದಿದ್ದರೆ ಐದನೇ ಹಂತದವರೆಗೆ ನೀವು ಮಾಡಿ, ಮುಂದಿನದನ್ನು ಮೇಸ್ತ್ರಿಗೆ ಬಿಡಿ. ಎಲ್ಲಕ್ಕಿಂತ ಮುಖ್ಯ, ನಿಮ್ಮ ಎಂಜಿನ್ನಿನ ಸರ್ವಿಸ್ ಕೈಪಿಡಿ. ಗುರುತು ಎಲ್ಲಿದೆ, ಬೋಲ್ಟಿಗೆ ಎಷ್ಟು ಬಲ ಎಂಬುದು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ.

ಎಚ್ಚರಿಕೆ: ಹೆಗಲ ಮೇಲಿನ ಟವೆಲ್, ಲುಂಗಿ, ದುಪಟ್ಟಾ, ಕೈಯಲ್ಲಿನ ದಾರ, ಕಡಗ ಎಲ್ಲ ದೂರವಿರಲಿ. ರೇಡಿಯೇಟರ್ ಫ್ಯಾನ್ ಎಂಜಿನ್ ಆಫ್ ಆಗಿದ್ದಾಗಲೂ ತಾನಾಗಿ ತಿರುಗಬಹುದು.

ಹಂತ 1: ಸದ್ದು ಯಾವಾಗ ಬರುತ್ತದೆ, ಬರೆದಿಡಿ

ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿರಲಿ. ಈಗ ಹೆಡ್‌ಲೈಟ್ ಹಾಕಿ, ಎಸಿ ಹಾಕಿ, ಪವರ್ ಸ್ಟೀರಿಂಗ್ ಇದ್ದರೆ ಒಂದು ಬದಿಗೆ ಪೂರ್ತಿ ತಿರುಗಿಸಿ. ಇವುಗಳಲ್ಲಿ ಯಾವುದಕ್ಕಾದರೂ ಸದ್ದು ಜಾಸ್ತಿಯಾದರೆ ತಪ್ಪು ಹೊರ ಬೆಲ್ಟಿನದು. ಎಸಿ ಹಾಕಿದ ಭಾರ ನೇರವಾಗಿ ಬೀಳುವುದು ಹೊರ ಬೆಲ್ಟಿನ ಮೇಲೆ, ಟೈಮಿಂಗ್ ಬೆಲ್ಟಿನ ಮೇಲಲ್ಲ.

ಹಂತ 2: ನೀರಿನ ಪರೀಕ್ಷೆ

ಎಂಜಿನ್ ಐಡ್ಲಿಂಗಿನಲ್ಲಿರುವಾಗ ಹೊರ ಬೆಲ್ಟಿನ ಗೆರೆಗೆರೆಯಿರುವ ಒಳಮೈಗೆ ಸ್ವಲ್ಪ ನೀರು ಚಿಮುಕಿಸಿ. ಒಂದೆರಡು ಸಲ ಸ್ಪ್ರೇ ಒತ್ತಿದರೆ ಸಾಕು, ಕೈ ದೂರವಿರಲಿ.

ಸದ್ದು ತಟ್ಟನೆ ನಿಂತು ಸ್ವಲ್ಪ ಹೊತ್ತಿಗೆ ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಆಲ್ಟರ್ನೇಟರ್ ಕೂರುವ ಬ್ರಾಕೆಟ್ ಸಡಿಲವಾಗಿದೆಯೇ, ಯಾವುದಾದರೂ ಪುಲ್ಲಿ ಅಲ್ಲಾಡುತ್ತಿದೆಯೇ ನೋಡಿ. ನೀರು ಬಿದ್ದ ಕೂಡಲೇ ಸದ್ದು ಇನ್ನೂ ಜೋರಾದರೆ ಬೆಲ್ಟ್ ಸಡಿಲ. ಏನೂ ಬದಲಾಗದಿದ್ದರೆ ಬೇರಿಂಗಿನ ಮೇಲೆ ಅನುಮಾನ ಪಡಿ.

ನೀರಿನ ಬದಲು ಸೋಪು, ಮೇಣದ ಬತ್ತಿ, ಪೌಡರ್, ಕೊಬ್ಬರಿ ಎಣ್ಣೆ ಸವರುವ ಉಪಾಯ ಹೇಳುವವರು ಊರಿಗೊಬ್ಬರಿದ್ದಾರೆ. ಎರಡು ದಿನ ಸದ್ದು ನಿಲ್ಲುತ್ತದೆ, ಆಮೇಲೆ ಅದಕ್ಕೆ ಧೂಳು ಮೆತ್ತಿ ಬೆಲ್ಟ್ ಗಾಜಿನಂತೆ ನುಣ್ಣಗಾಗುತ್ತದೆ. ಟೈಮಿಂಗ್ ಬೆಲ್ಟಿಗಂತೂ ನೀರೂ ಬೇಡ, ಎಣ್ಣೆಯೂ ಬೇಡ.

ಹಂತ 3: ಹೊರ ಬೆಲ್ಟ್ ಬಿಚ್ಚಿ ಕೇಳಿ

ಹೊರ ಬೆಲ್ಟನ್ನು ಪೂರ್ತಿ ಬಿಚ್ಚಿ ತೆಗೆದು, ಎಂಜಿನ್ ತಣ್ಣಗಿರುವಾಗ ಅರ್ಧ ನಿಮಿಷ ಓಡಿಸಿ. ಸದ್ದು ಮಾಯವಾದರೆ ಟೈಮಿಂಗ್ ಕವರ್ ಬಿಚ್ಚುವ ಅಗತ್ಯವೇ ಇಲ್ಲ. ಬೆಲ್ಟಿಲ್ಲದ ಈ ಹೊತ್ತಿನಲ್ಲಿ ಎಂಜಿನ್ ನಿಲ್ಲಿಸಿ ಆಲ್ಟರ್ನೇಟರ್ ಮತ್ತು ಎಸಿ ಪುಲ್ಲಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ. ಗರಗರ ಅಂದದ್ದು ಯಾವುದೋ ಅದೇ ಕಳ್ಳ.

ಒಂದು ನಿಮಿಷ ಮೀರಿಸಬೇಡಿ. ಮಾರುತಿ 800, ಆಲ್ಟೊಗಳಲ್ಲಿ ವಾಟರ್ ಪಂಪ್ ತಿರುಗುವುದೇ ಹೊರ ಬೆಲ್ಟಿನಿಂದ. ಬೆಲ್ಟ್ ತೆಗೆದ ಮೇಲೆ ಎಂಜಿನ್ ತಣ್ಣಗಿಡುವ ಕೂಲಂಟ್ ಸುತ್ತುವುದಿಲ್ಲ. ಬ್ಯಾಟರಿ ದೀಪ ಹೊತ್ತಿಕೊಳ್ಳುತ್ತದೆ, ಅದಕ್ಕೆ ಗಾಬರಿ ಬೇಡ.

ಹಂತ 4: ಸದ್ದಿನ ಜಾತಿ ಗುರುತಿಸಿ

ಸದ್ದು ಇನ್ನೂ ಇದೆಯೇ? ಹಾಗಾದರೆ ಟೈಮಿಂಗ್ ಕವರಿನ ಕಡೆ ತಿರುಗೋಣ. ಸ್ಕ್ರೂಡ್ರೈವರಿನ ತುದಿಯನ್ನು ತಿರುಗದ ಭಾಗಕ್ಕೆ ಮಾತ್ರ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ತಾಗಿಸಿ. ವಾಟರ್ ಪಂಪಿನ ಮೈ, ಟೆನ್ಷನರ್ ಇರುವ ಕಡೆಯ ಎಂಜಿನ್ ಮೈ, ಕ್ಯಾಮಿನ ಮುಂಭಾಗ ಹೀಗೆ ಒಂದೊಂದೇ ಕಡೆ ಕೇಳುತ್ತಾ ಹೋಗಿ. ಟೆನ್ಷನರ್ ಅಂದರೆ ಬೆಲ್ಟಿನ ಬೆನ್ನನ್ನು ಒತ್ತಿ ಬಿಗಿ ಕಾಯುವ ಉರುಳೆ. ಬಿಗಿ ಮಾಡದೆ ದಾರಿ ಮಾತ್ರ ತೋರಿಸುವ ಉರುಳೆಗೆ ಐಡ್ಲರ್ ಅನ್ನುತ್ತಾರೆ.

ಗುಂಯ್ ಎನ್ನುವ ಸಣ್ಣ ಸಿಳ್ಳೆ, ರೇಸ್ ಕೊಟ್ಟಂತೆ ಸ್ವರ ಏರುತ್ತದೆ: ಬೆಲ್ಟ್ ಬಿಗಿ ಜಾಸ್ತಿ. ಹೊಸ ಬೆಲ್ಟ್ ಹಾಕಿಸಿದ ಮರುದಿನವೇ ಇದು ಶುರುವಾಗಿದ್ದರೆ ಬಹುತೇಕ ಖಚಿತ.

ಟಪಟಪ ಎಂದು ಪ್ಲಾಸ್ಟಿಕ್ ಬಡಿದ ಸದ್ದು, ರೇಸ್ ಕೊಟ್ಟು ಬಿಟ್ಟಾಗ ಹೆಚ್ಚು: ಬೆಲ್ಟ್ ಸಡಿಲವಾಗಿ ಕವರಿಗೆ ಬಡಿಯುತ್ತಿದೆ. ಇಂಥ ಗಾಡಿಯನ್ನು ಓಡಿಸಬೇಡಿ.

ಗರಗರ, ಒಣಗಿದ ಬೀಸುಕಲ್ಲಿನಂತೆ: ಟೆನ್ಷನರ್, ಐಡ್ಲರ್ ಅಥವಾ ವಾಟರ್ ಪಂಪಿನ ಬೇರಿಂಗ್. ಇದಕ್ಕೆ ಬಿಗಿ ಹೊಂದಿಸುವುದು ಮದ್ದಲ್ಲ, ಭಾಗ ಬದಲಿಸಬೇಕು.

ಸರಸರ ಎಂದು ಒಂದು ಅಂಚು ಉಜ್ಜಿದ ಸದ್ದು: ಬೆಲ್ಟ್ ಪಕ್ಕಕ್ಕೆ ಸರಿದಿದೆ. ಟೆನ್ಷನರ್ ಸೊಟ್ಟಗೆ ಕೂತಿರಬಹುದು, ಬೇರಿಂಗ್ ಸವೆದಿರಬಹುದು.

ಇನ್ನು ಟಿಕ್ ಟಿಕ್. ಇದರಲ್ಲೇ ಜನ ಹೆಚ್ಚು ಮೋಸ ಹೋಗುವುದು. ಐಡ್ಲಿಂಗ್ 800 ಆರ್‌ಪಿಎಂ ಅಂದುಕೊಳ್ಳಿ. ಕ್ರ್ಯಾಂಕ್ ಸೆಕೆಂಡಿಗೆ 13 ಸುತ್ತಿನಷ್ಟು, ಕ್ಯಾಮ್ ಆರೇಳು ಸುತ್ತು. ಬೆಲ್ಟ್ ಇನ್ನೂ ನಿಧಾನ: ಕ್ರ್ಯಾಂಕ್ ಐದಾರು ಸುತ್ತು ಬಂದಾಗ ಅದು ಒಂದು ಸುತ್ತು ಮುಗಿಸುತ್ತದೆ, ಅಂದರೆ ಸೆಕೆಂಡಿಗೆ ಎರಡು ಮೂರು. ಟಿಕ್ ಟಿಕ್ ಎಣಿಸಲು ಸಿಗುವಷ್ಟು ನಿಧಾನವಿದ್ದರೆ ಬೆಲ್ಟಿನಲ್ಲೇ ಒಂದು ಹಲ್ಲು ಹಾಳಾಗಿದೆ ಅಥವಾ ಒಂದು ಕಡೆ ನಾರು ಬಿಚ್ಚಿ ಕವರಿಗೆ ತಾಗುತ್ತಿದೆ. ಎಣಿಸಲಾಗದ ವೇಗದ ಟಿಕಟಿಕ ಆದರೆ ಅದು ವಾಲ್ವಿನ ಮೇಲಿನ ಟ್ಯಾಪೆಟ್ ಸದ್ದು, ಬೆಲ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಹಂತ 5: ಮೇಲಿನ ಕವರ್ ತೆಗೆದು ನೋಡಿ

ಎಂಜಿನ್ ಆಫ್, ಕೀಲಿ ಜೇಬಿಗೆ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಮೇಲಿನ ಕವರ್ ಕೆಲವು ಸ್ಕ್ರೂಗಳಲ್ಲಿ ಬರುತ್ತದೆ.

ಒಳಗೆ ಬಿದ್ದ ಪುಡಿಯ ಬಣ್ಣ ನೋಡಿ. ಕಪ್ಪು ಪುಡಿ ಬೆಲ್ಟಿನ ರಬ್ಬರು. ಕೆಂಪು ಕಂದು ಪುಡಿ ಬೇರಿಂಗ್ ಅಥವಾ ಪುಲ್ಲಿಯ ತುಕ್ಕು. ಆದರೆ ಚಿತ್ರದುರ್ಗ, ಹೊಳಲ್ಕೆರೆ ಕಡೆ ಅದಿರು, ಕ್ವಾರಿ ಲಾರಿಗಳ ಹಿಂದೆ ಓಡುವ ಗಾಡಿಗಳಲ್ಲಿ ಕೆಂಪು ಧೂಳು ಎಲ್ಲೆಲ್ಲೂ ಇರುತ್ತದೆ, ಬರೀ ಬಣ್ಣ ನೋಡಿ ಮೋಸ ಹೋಗಬೇಡಿ. ಬೆರಳಲ್ಲಿ ಉಜ್ಜಿ: ರಸ್ತೆಯ ಧೂಳು ಕವರಿನ ಒಳಗೆಲ್ಲ ಸಮನಾಗಿ ಹರಡಿರುತ್ತದೆ, ಬೇರಿಂಗಿನ ತುಕ್ಕು ಆ ಉರುಳೆಯ ಸುತ್ತ ಮಾತ್ರ ಬಳೆಯಂತೆ ಕೂತಿರುತ್ತದೆ. ದಾವಣಗೆರೆಯಲ್ಲಿ ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಗಳ ಪಕ್ಕ ನಿಲ್ಲುವ ಗೂಡ್ಸ್ ಓಮ್ನಿಗಳಲ್ಲಿ ಹೊಟ್ಟು ಸೇರಿಕೊಳ್ಳುವುದೂ ಉಂಟು. ಎರಡಕ್ಕೂ ಕಾರಣ ಒಂದೇ, ಹಿಂದಿನ ಸಲ ಬಿಚ್ಚಿದವರು ಕವರಿನ ರಬ್ಬರ್ ಪಟ್ಟಿಯನ್ನೋ ಎರಡು ಸ್ಕ್ರೂಗಳನ್ನೋ ವಾಪಸ್ ಹಾಕಿಲ್ಲ.

ಬೆಲ್ಟಿನ ಬೆನ್ನಲ್ಲಿ ಬಿರುಕು, ನುಣುಪು ಹೊಳಪು, ಅಂಚಿನಲ್ಲಿ ನಾರು, ಹಲ್ಲಿನ ಬುಡದಲ್ಲಿ ಸೀಳು ಇವೆಯೇ? ಎಣ್ಣೆ ಪಸೆ ಇದೆಯೇ? ಎಣ್ಣೆ ಇದ್ದರೆ ಕ್ಯಾಮ್ ಅಥವಾ ಕ್ರ್ಯಾಂಕಿನ ಆಯಿಲ್ ಸೀಲ್ ಸೋರುತ್ತಿದೆ. ಮೊದಲು ಸೀಲ್, ಆಮೇಲೆ ಹೊಸ ಬೆಲ್ಟ್. ಪೆಟ್ರೋಲ್, ಸೀಮೆಎಣ್ಣೆಯಲ್ಲಿ ಒರೆಸಿ ಅದೇ ಬೆಲ್ಟ್ ಹಾಕುವುದು ತಪ್ಪು, ರಬ್ಬರು ಉಬ್ಬಿ ಹಲ್ಲು ಕಳಚುತ್ತದೆ. ಟೈಮಿಂಗ್ ಬೆಲ್ಟೇ ವಾಟರ್ ಪಂಪ್ ತಿರುಗಿಸುವ ಡಸ್ಟರ್ ಡೀಸೆಲ್‌ನಂಥ ಎಂಜಿನ್ನುಗಳಲ್ಲಿ ಪಂಪಿನ ಕೆಳಗೆ ಒಣಗಿದ ಕೂಲಂಟಿನ ಕಲೆ ಇದೆಯೇ ನೋಡಿ. ಇದ್ದರೆ ಪಂಪನ್ನೂ ಸೇರಿಸಿ ಬದಲಿಸಿ.

ಇವುಗಳಲ್ಲಿ ಒಂದು ಕಂಡರೂ ಬಿಗಿ ಹೊಂದಿಸುವ ಕೆಲಸ ನಿಲ್ಲಿಸಿ, ಹೊಸ ಬೆಲ್ಟ್ ಮತ್ತು ಟೆನ್ಷನರ್ ಒಟ್ಟಿಗೆ ಬರುವ ಕಿಟ್ ತನ್ನಿ. ಪಿ.ಬಿ. ರಸ್ತೆಯ ಅಂಗಡಿಯಲ್ಲಿ "ಇದೇ ಸಾರ್, ಎಲ್ಲಾ ಒಂದೇ" ಅಂದರೂ ಅಲ್ಲೇ ನಿಂತು ಹಲ್ಲು ಎಣಿಸಿ. ಹಳೆಯದಕ್ಕೂ ಹೊಸದಕ್ಕೂ ಹಲ್ಲಿನ ಸಂಖ್ಯೆ, ಅಗಲ, ಹಲ್ಲಿನ ಆಕಾರ ಮೂರೂ ಒಂದೇ ಇರಬೇಕು. ಮಡಚಿ ಜೇಬಿಗೆ ಹಾಕಿಕೊಂಡು ಬರಬೇಡಿ. ಒಳಗಿರುವುದು ಗಾಜಿನ ನಾರು. ಒಮ್ಮೆ ಮಡಚಿದ ಜಾಗದಲ್ಲಿ ಅದು ಮುರಿದಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಹಂತ 6: ಗುರುತು ಕೂಡಿಸಿ

ಒಂದನೇ ಪಿಸ್ಟನ್ ಪೂರ್ತಿ ಮೇಲೆ ಬಂದ ಸ್ಥಿತಿಗೆ ಟಿಡಿಸಿ ಅನ್ನುತ್ತಾರೆ. ಪೆಟ್ರೋಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಎಂಜಿನ್ ಕೈಗೆ ಹಗುರಾಗುತ್ತದೆ. ಕ್ರ್ಯಾಂಕಿನ ನಡು ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ಸಹಜವಾಗಿ ತಿರುಗುವ ದಿಕ್ಕಿನಲ್ಲೇ ತಿರುಗಿಸಿ. ಬಹುತೇಕ ಎಂಜಿನ್ನುಗಳಲ್ಲಿ ಪುಲ್ಲಿಯ ಎದುರು ನಿಂತು ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕು. ಕ್ಯಾಮಿನ ಬೋಲ್ಟ್ ಹಿಡಿದು ತಿರುಗಿಸಬೇಡಿ, ಬೆಲ್ಟಿನ ಹಲ್ಲಿಗೆ ಬೇಡದ ಪೆಟ್ಟು.

ಕ್ಯಾಮ್ ಪುಲ್ಲಿಯ ಗುರುತು ಮತ್ತು ಕ್ರ್ಯಾಂಕಿನ ಹಲ್ಲಿನ ಪುಲ್ಲಿಯ ಗುರುತು ಎರಡೂ ತಮ್ಮ ತಮ್ಮ ಗೆರೆಗೆ ಬರಬೇಕು. ಹೊರಗಿನ ದೊಡ್ಡ ಪುಲ್ಲಿಯ ಗುರುತನ್ನಷ್ಟೇ ನಂಬಬೇಡಿ. ಅದರ ನಡುವಿನ ರಬ್ಬರು ಸರಿದಿದ್ದರೆ ಗುರುತೂ ಸರಿದಿರುತ್ತದೆ. ಕ್ರ್ಯಾಂಕ್ ಗುರುತು ಸರಿಯಿದ್ದು ಕ್ಯಾಮ್ ಗುರುತು ಎದುರು ಬದಿಗಿದ್ದರೆ ಕ್ರ್ಯಾಂಕನ್ನು ಇನ್ನೊಂದು ಸುತ್ತು ತಿರುಗಿಸಿ. ಎಲ್ಲ ಕೂಡಿದ ಮೇಲೆ ವೈಟ್ನರಿನಿಂದ ಚುಕ್ಕೆ ಇಡಿ.

ಹಂತ 7: ಬಿಗಿ ಹೊಂದಿಸುವುದು

ತಣ್ಣನೆಯ ಎಂಜಿನ್ನಿನಲ್ಲಿ ಮಾತ್ರ. ಕಾಯ್ದ ಎಂಜಿನ್ನಿನ ಲೋಹ ಹಿಗ್ಗಿ ಕ್ರ್ಯಾಂಕಿಗೂ ಕ್ಯಾಮಿಗೂ ನಡುವಿನ ಅಂತರ ಜಾಸ್ತಿಯಾಗುತ್ತದೆ, ಆದರೆ ಗಾಜಿನ ನಾರು ಹಿಗ್ಗುವುದಿಲ್ಲ, ಬೆಲ್ಟ್ ತಾನಾಗಿ ಬಿಗಿಯಾಗುತ್ತದೆ. ಬಿಸಿಯಲ್ಲಿ ಸರಿ ಕಂಡ ಬೆಲ್ಟ್ ಮರುದಿನ ಬೆಳಿಗ್ಗೆ ಸಡಿಲ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಬಯಲಲ್ಲಿ ನಿಂತ ಗಾಡಿಯ ಎಂಜಿನ್, ಸ್ಟಾರ್ಟ್ ಮಾಡದಿದ್ದರೂ ತಣ್ಣಗಿದೆ ಅನ್ನಲಾಗದು. ಬೆಳಿಗ್ಗೆ ಏಳರ ಹೊತ್ತಿಗೆ, ನೆರಳಲ್ಲಿ ಮಾಡಿ.

ಎರಡನೇ ಮಾತು: ಕ್ರ್ಯಾಂಕ್ ಬೆಲ್ಟನ್ನು ಎಳೆಯುವ ಬದಿ ಯಾವಾಗಲೂ ಬಿಗಿಯಾಗಿರುತ್ತದೆ, ಸಡಿಲವೆಲ್ಲ ಟೆನ್ಷನರ್ ಇರುವ ಇನ್ನೊಂದು ಬದಿಗೆ ಬಂದಿರಬೇಕು. ಎಂಜಿನ್ನನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದರೂ ಸಡಿಲ ಬದಿ ಬದಲಾಗುತ್ತದೆ, ನೀವು ಹೊಂದಿಸಿದ್ದು ಸುಳ್ಳಾಗುತ್ತದೆ. ಗುರುತು ದಾಟಿ ಹೋದರೆ ಹಿಂದಕ್ಕೆ ಎಳೆಯಬೇಡಿ, ಮತ್ತೆ ಎರಡು ಸುತ್ತು ಮುಂದಕ್ಕೇ ಬನ್ನಿ.

ಸ್ಪ್ರಿಂಗ್ ಇರುವ ಟೆನ್ಷನರ್ (ಹಳೇ ಮಾರುತಿಗಳು): ಟೆನ್ಷನರ್ ಬೋಲ್ಟನ್ನು ಸಡಿಲಿಸಿ, ಪ್ಲೇಟು ಸರಾಗವಾಗಿ ಅಲ್ಲಾಡಬೇಕು. ಸ್ಪ್ರಿಂಗ್ ತಾನೇ ಉರುಳೆಯನ್ನು ಬೆಲ್ಟಿಗೆ ಒತ್ತುತ್ತದೆ. ಕ್ರ್ಯಾಂಕನ್ನು ಮುಂದಕ್ಕೆ ಎರಡು ಸುತ್ತು ತಿರುಗಿಸಿ ಗುರುತಿಗೆ ತಂದು ಬೋಲ್ಟ್ ಬಿಗಿಯಿರಿ. ಇಷ್ಟೇ. ಸಬ್ಬಲ್, ಸ್ಕ್ರೂಡ್ರೈವರ್ ಕೊಟ್ಟು ಮೀಟಿ "ಇನ್ನೊಂಚೂರು" ಅನ್ನುವುದು ಬೇಡ, ಬಿಗಿ ಎಷ್ಟಿರಬೇಕು ಅನ್ನುವುದನ್ನು ಸ್ಪ್ರಿಂಗ್ ಮಾಡಿದವರು ಲೆಕ್ಕ ಹಾಕಿಯೇ ಇಟ್ಟಿದ್ದಾರೆ. ಹಳೇ ಸ್ಪ್ರಿಂಗ್ ಸೋತಿರುತ್ತದೆ, ಬೆಲ್ಟಿನ ಜೊತೆ ಅದನ್ನೂ ಬದಲಿಸಿ. ಹಳೇ ಸುಜುಕಿ ಎಂಜಿನ್ನುಗಳಲ್ಲಿ ಕೆಲವಕ್ಕೆ ಇನ್ನೊಂದು ಸೂಕ್ಷ್ಮ ಇದೆ. ವಾಲ್ವ್ ಸ್ಪ್ರಿಂಗುಗಳು ಕ್ಯಾಮನ್ನು ಒಂದು ಕಡೆಗೆ ತಳ್ಳುತ್ತಿರುವುದರಿಂದ ಬೆಲ್ಟಿನ ಸಡಿಲ ಸರಿಯಾಗಿ ಹಂಚಿಕೆಯಾಗುವುದಿಲ್ಲ. ಅದಕ್ಕೇ ಮೊದಲು ವಾಲ್ವ್ ಹೊಂದಿಸುವ ಸ್ಕ್ರೂಗಳನ್ನು ಪೂರ್ತಿ ಸಡಿಲಿಸಿ, ಬಿಗಿ ಹೊಂದಿಸಿ, ಕೊನೆಗೆ ಟ್ಯಾಪೆಟ್ ಅಂತರ ಕೂಡಿಸಬೇಕು. ಬಹುಪಾಲು ಗ್ಯಾರೇಜುಗಳಲ್ಲಿ ಹಾರಿಸುವ ಹೆಜ್ಜೆ ಇದು.

ಮುಳ್ಳು ಇರುವ ಟೆನ್ಷನರ್: ಉರುಳೆಯ ನಡುವಿನ ರಂಧ್ರ ಪಕ್ಕಕ್ಕಿರುತ್ತದೆ. ಅಲೆನ್ ಕೀ ಹಾಕಿ, ಕೈಪಿಡಿ ಹೇಳಿದ ದಿಕ್ಕಿಗೆ ತಿರುಗಿಸಿದಂತೆ ಮುಳ್ಳು ಸರಿದು ಕಚ್ಚಿನ ನೇರಕ್ಕೆ ಬರುತ್ತದೆ. ಅಲ್ಲೇ ಕೀ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಬಿಗಿಯಿರಿ. ಕೀ ಬಿಟ್ಟು ಬಿಗಿದರೆ ನಟ್ಟು ಉರುಳೆಯನ್ನೂ ಎಳೆದೊಯ್ಯುತ್ತದೆ, ಮುಳ್ಳು ಕಚ್ಚು ದಾಟುತ್ತದೆ. ತಪ್ಪು ದಿಕ್ಕಿಗೆ ತಿರುಗಿಸಿದರೂ ಬೆಲ್ಟ್ ಬಿಗಿಯಾದಂತೆಯೇ ಕಾಣುತ್ತದೆ, ಆದರೆ ಓಡುವಾಗ ಸಡಿಲಾಗುತ್ತದೆ.

ಆಯಿಲ್ ತುಂಬಿದ ಹೈಡ್ರಾಲಿಕ್ ಟೆನ್ಷನರ್: ಬಿಚ್ಚಿ ವೈಸಿನಲ್ಲಿ ನೆಟ್ಟಗೆ ನಿಲ್ಲಿಸಿ, ದಂಡವನ್ನು ನಿಧಾನವಾಗಿ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ತಗೊಂಡು ಒಳಗೆ ತಳ್ಳಿ, ರಂಧ್ರ ಕೂಡಿದಾಗ ಪಿನ್ ಹಾಕಿ. ಅವಸರ ಮಾಡಿದರೆ ಒಳಗಿನ ಸೀಲ್ ಹರಿಯುತ್ತದೆ. ಹೆಬ್ಬೆರಳಲ್ಲೇ ಸಲೀಸಾಗಿ ಒಳಗೆ ಹೋದರೆ ಅದು ಸತ್ತಿದೆ. ಜೋಡಿಸಿ, ಪಿನ್ ಎಳೆದು, ಎರಡು ಸುತ್ತು ತಿರುಗಿಸಿ, ಐದು ನಿಮಿಷ ಬಿಟ್ಟು ದಂಡ ಎಷ್ಟು ಹೊರಗಿದೆ ಅಳೆಯಿರಿ.

ಹಂತ 8: ಸರಿಯಾಯಿತೇ?

ಹೆಬ್ಬೆರಳು, ತೋರುಬೆರಳಿನಿಂದ ಬೆಲ್ಟಿನ ಉದ್ದನೆಯ ಓಟದ (ಎರಡು ಪುಲ್ಲಿಗಳ ನಡುವಿನ ನೇರ ಭಾಗದ) ಮಧ್ಯೆ ಹಿಡಿದು ತಿರುಚಿ. ಸುಮಾರು 90 ಡಿಗ್ರಿ ತಿರುಗಿ ಅಲ್ಲಿಗೇ ನಿಂತರೆ ಸರಿ, 45ಕ್ಕೇ ನಿಂತರೆ ಬಿಗಿ ಹೆಚ್ಚು, ಸಲೀಸಾಗಿ ಇನ್ನೂ ತಿರುಗುತ್ತಿದ್ದರೆ ಸಡಿಲ. ಇದು ಹಳೇ ಕೈಗುಣದ ಪರೀಕ್ಷೆ, ಸ್ಪ್ರಿಂಗಿನ ಥರ ಬೋಲ್ಟ್ ಬಿಗಿದು ಕೂರಿಸುವ ಟೆನ್ಷನರುಗಳಿಗೆ ಮಾತ್ರ. ಮುಳ್ಳಿನ ಮತ್ತು ಹೈಡ್ರಾಲಿಕ್ ಟೆನ್ಷನರುಗಳಲ್ಲಿ ಮುಳ್ಳು, ದಂಡ ಹೇಳಿದ್ದೇ ಕೊನೆಯ ಮಾತು.

ಕೈಪಿಡಿಯಲ್ಲಿ ಬಿಗಿಯನ್ನು ಹರ್ಟ್ಜ್ ಲೆಕ್ಕದಲ್ಲಿ ಕೊಟ್ಟಿದ್ದರೆ ಮೊಬೈಲಿನಲ್ಲಿ ಕಂಪನ ಅಳೆಯುವ ಆ್ಯಪ್ ಹಾಕಿ, ಬೆಲ್ಟನ್ನು ತಂಬೂರಿಯ ತಂತಿಯಂತೆ ಮೀಟಿ. ಬಿಗಿ ಮತ್ತು ಕಂಪನದ ಲೆಕ್ಕ ಹೀಗೆ: ಬಿಗಿ = 4 × ಒಂದು ಮೀಟರ್ ಬೆಲ್ಟಿನ ತೂಕ × ಓಟದ ಉದ್ದದ ವರ್ಗ × ಕಂಪನದ ವರ್ಗ. ಮೀಟರಿಗೆ 0.09 ಕಿಲೊ ತೂಗುವ ಬೆಲ್ಟು, 0.15 ಮೀಟರ್ ಓಟ, 150 ಹರ್ಟ್ಜ್ ಬಂದರೆ ಬಿಗಿ 182 ನ್ಯೂಟನ್, ಹದಿನೆಂಟೂವರೆ ಕಿಲೊ ಭಾರದಷ್ಟು. ಕಂಪನ 165 ಆದರೆ ಬಿಗಿ 220 ದಾಟುತ್ತದೆ. ಸ್ವರ ಹತ್ತರಲ್ಲೊಂದು ಪಾಲು ಏರಿದರೆ ಬಿಗಿ ಐದರಲ್ಲೊಂದು ಪಾಲಿಗಿಂತ ಹೆಚ್ಚೇ ಏರಿತು. ಆ್ಯಪ್ ಕೆಲವೊಮ್ಮೆ ಇಮ್ಮಡಿ ಸ್ವರ ಹಿಡಿಯುತ್ತದೆ, ಮೂರ್ನಾಲ್ಕು ಸಲ ಮೀಟಿ ನೋಡಿ.

ಕವರ್ ಮುಚ್ಚುವ ಮೊದಲು ಕ್ರ್ಯಾಂಕನ್ನು ಕೈಯಲ್ಲಿ ಮತ್ತೆ ಎರಡು ಸುತ್ತು ತಿರುಗಿಸಿ. ಎರಡೂ ಗುರುತು ತಮ್ಮ ಜಾಗಕ್ಕೆ ಬರಬೇಕು. ನಡುವೆ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ. ಪಿಸ್ಟನ್ ವಾಲ್ವಿಗೆ ತಾಗುತ್ತಿದೆ, ಬಲ ಹಾಕಿದರೆ ವಾಲ್ವ್ ಬಾಗುತ್ತದೆ. ಸ್ಟಾರ್ಟರ್ ಹೊಡೆದು "ನೋಡೋಣ" ಅನ್ನುವ ಕೆಲಸ ಅಲ್ಲವೇ ಅಲ್ಲ.

ಕವರಿನ ರಬ್ಬರ್ ಪಟ್ಟಿ, ಎಲ್ಲ ಸ್ಕ್ರೂ, ಬಿಚ್ಚಿದ್ದ ಸ್ಪಾರ್ಕ್ ಪ್ಲಗ್, ಹೊರ ಬೆಲ್ಟ್ ವಾಪಸ್ ಹಾಕಿ, ಬ್ಯಾಟರಿ ಕೂಡಿಸಿ, ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಕೇಳಿ. ಗುಂಯ್ ಅಂದರೆ ಏಳನೇ ಹಂತಕ್ಕೆ ವಾಪಸ್.

ಹೊಂದಿಸಿದ್ದು ಕೆಡದಿರಲು ಒಂದು ಅಭ್ಯಾಸ ಬಿಡಬೇಕು. ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯಂಥ ಏರಿನಲ್ಲಿ ಮೇಲ್ಮುಖವಾಗಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕದೆ ಬರೀ ಫಸ್ಟ್ ಗೇರಿಗೆ ಹಾಕಿ ಬಿಡಬೇಡಿ. ಗಾಡಿಯ ಭಾರ ಎಂಜಿನ್ನನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ, ಸಡಿಲ ತಪ್ಪು ಬದಿಗೆ ಹೋಗಿ ಸೋತ ಬೆಲ್ಟ್ ಹಲ್ಲು ಹಾರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ.

ಬದಲಿಸಿದ ದಿನಾಂಕ, ಕಿಲೋಮೀಟರ್ ಬರೆದು ಬಾನೆಟ್ಟಿನ ಒಳಗೆ ಅಂಟಿಸಿ. ತೆಗೆದ ಹಳೇ ಬೆಲ್ಟನ್ನು ಡಿಕ್ಕಿಯಲ್ಲಿ ಸ್ಟೆಪ್ನಿ ಥರ ಇಟ್ಟುಕೊಳ್ಳುವವರಿದ್ದಾರೆ. ಕತ್ತರಿಯಲ್ಲಿ ಎರಡು ತುಂಡು ಮಾಡಿ ಎಸೆಯಿರಿ, ಮತ್ಯಾರ ಎಂಜಿನ್ನಿಗೂ ಅದು ಹತ್ತದಂತೆ.